ಕೊನೆಯ ಪುಟ ನುಂಗುವ ಯಂತ್ರ

ನಾನು ಸುಳ್ಳು ಹೇಳುವವನಲ್ಲ. ಹೇಳಿದರೂ ಒಂದೇ ಸುಳ್ಳನ್ನು ಐದಾರು ತಿಂಗಳು ಬಾಳಿಸುತ್ತೇನೆ, ದುಂದುಗಾರನಂತೂ ಅಲ್ಲ. ಹೈದರಾಬಾದಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನನ್ನ ಕೆಲಸ. ಒಂದು ಕಾಲದಲ್ಲಿ ಓದುವ ಹುಡುಗರನ್ನು "ಗಲಾಟೆ ಮಾಡಬೇಡಿ!" ಎಂದು ಗದರಿಸಿ ಗದರಿಸಿ ಗಂಟಲು ಕಟ್ಟಿಕೊಂಡವನು. ಆಮೇಲೆ ಊರಿಗೆಲ್ಲ ಕಂಪ್ಯೂಟರ್ ಜ್ವರ ಬಂತು ನೋಡಿ, ಕೋಠಿಯ ಫುಟ್‌ಪಾತಿನ ಹಳೇ ಪುಸ್ತಕದವನೂ ಕಂಪ್ಯೂಟರ್ ಗೈಡುಗಳನ್ನೇ ಹರಡಿಕೊಂಡು ಕೂತ. ನಮ್ಮ ಹುಡುಗರು ಹಾಸ್ಟೆಲಿನಲ್ಲೇ ಕೂತು ಬೇಕಾದ್ದನ್ನು ಇಳಿಸಿಕೊಳ್ಳತೊಡಗಿದರು. ನನ್ನನ್ನು ಒಂದು ಸ್ಕ್ಯಾನರಿನ ಮುಂದೆ ಕೂರಿಸಿ, ತಲೆಯ ಮೇಲೆ 'ದೂರದ ಓದುಗರ ಸೇವೆ' ಎಂದು ಬೋರ್ಡು ಹಾಕಿದರು. ಎಲ್ಲಿಂದಲೋ ಯಾರೋ ಈಮೇಲಿನಲ್ಲಿ ಒಂದು ಅಧ್ಯಾಯ ಕೇಳುತ್ತಾರೆ, ನಾನು ಸ್ಕ್ಯಾನ್ ಮಾಡಿ ಕಳಿಸುತ್ತೇನೆ. ಮುಖ್ಯಸ್ಥನೂ ನಾನೇ, ಜವಾನನೂ ನಾನೇ. ಗದರಿಸೋಣವೆಂದರೆ ಒಂದು ನರಪಿಳ್ಳೆ ಇಲ್ಲ. ಮಲ್ಕಾಜ್‌ಗಿರಿಯ ಬಾಡಿಗೆ ಕೋಣೆಯಲ್ಲೂ ಅದೇ ಕಥೆ. ಮದುವೆಯಾಗಲಿಲ್ಲ. ಪಕ್ಕದ ಮನೆಯ ರೈಲ್ವೆ ಗಾರ್ಡು ನಾನು ಬರುವ ಹೊತ್ತಿಗೆ ಡ್ಯೂಟಿಗೆ ಹೊರಟಿರುತ್ತಾನೆ. "ಕ್ಯಾ ಸಾಬ್, ಖೈರಿಯತ್?" ಎಂದು ಕ್ಷೇಮ ವಿಚಾರಿಸುತ್ತಾನೆ, ಉತ್ತರ ಕೇಳಲು ಅವನಿಗೆ ಪುರುಸೊತ್ತಿಲ್ಲ.

ಹೀಗಿರುವಾಗ ರಾಯಚೂರಿನ ಕಡೆಯಿಂದ ಭಾಗೀರಥಿ ಎಂಬ ಸಂಶೋಧಕಿಯ ಮೇಲ್ ಬಂತು. ಅತ್ತೆಗೆ ಲಕ್ವ ಹೊಡೆದು ಮನೆ ಬಿಟ್ಟು ಬರುವಂತಿಲ್ಲ, ಮನೆಯಲ್ಲೇ ಕೂತು ತಮ್ಮ ಕಡೆಯ ಹಳೇ ಕೆರೆಗಳ ಮೇಲೆ ಪಿಎಚ್‌ಡಿ ಬರೆಯುತ್ತಿದ್ದರು. ಮೊದಲ ಸಲ ನಾನು ಕಳಿಸಿದ್ದರಲ್ಲಿ ಕೊನೆಯ ಪುಟ ನಿಜವಾಗಿಯೂ ಬಿಟ್ಟುಹೋಗಿತ್ತು, ದೇವರಾಣೆ. ನನ್ನ ಹೆಸರು ನೋಡಿ ಕನ್ನಡದವನೆಂದು ಊಹಿಸಿ ಅವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರು: "ಸರ್, ಕೊನೀ ಪುಟ ಬಂದಿಲ್ರಿ. ಇಲ್ಲಿ ಭಾಳ ಸೆಕಿ, ಕರೆಂಟಿಲ್ಲ. ನಿಮ್ಮ ಕಡಿ ಹೆಂಗೈತ್ರಿ?" ನನ್ನ ಕಡೆ ಹೇಗಿದೆ ಎಂದು, ಉತ್ತರ ಬೇಕೆಂದು, ಆ ವರ್ಷ ಬೇರೆ ಯಾರೂ ಕೇಳಿರಲಿಲ್ಲ. ಆ ಪುಟ ಕಳಿಸಿದೆ, "ಥ್ಯಾಂಕ್ಸ್ ಸರ್" ಎಂದು ಬಂತು, ಅಷ್ಟೇ. ಪೂರ್ತಿ ಕಳಿಸಿದರೆ ಎರಡು ಪದ, ಒಂದು ಪುಟ ಬಿಟ್ಟರೆ ನಾಲ್ಕು ಸಾಲು! ಮುಂದಿನ ಸಲ ಬೇಕೆಂದೇ ಬಿಟ್ಟೆ. "ಏನ್ ಮಾಡೋದಮ್ಮ, ಈ ಯಂತ್ರ ಕೊನೇ ಪುಟ ನುಂಗಿಬಿಡುತ್ತೆ" ಎಂದು ಬಡಪಾಯಿ ಸ್ಕ್ಯಾನರಿನ ಮೇಲೆ ಗೂಬೆ ಕೂರಿಸಿದೆ. ಅತ್ತೆಯ ಔಷಧಿ, ಪಿಎಚ್‌ಡಿ ಗೈಡಿನ ಸಿಡುಕು, ಮಾವಿನ ಉಪ್ಪಿನಕಾಯಿ, ಎಲ್ಲ ಸುದ್ದಿ ಬರತೊಡಗಿತು. ನನಗೆ ಅಷ್ಟೇ ಸಾಕಿತ್ತು.

ಕೊನೆಗೊಮ್ಮೆ, ಎಂದಿನಂತೆ ಒಂದು ಪುಟ ಹಿಡಿದಿಟ್ಟುಕೊಂಡು ಕಳಿಸಿದ ಮಾರನೆಯ ದಿನವೇ ನನಗೆ ಜ್ವರ ಬಂತು. ನಾಲ್ಕು ದಿನ ಮಲಗಿದೆ. ಐದನೆಯ ದಿನ ಬಂದು ನೋಡಿದರೆ ನನ್ನ ಮೇಜಿನ ಮುಂದೆ ಒಬ್ಬ ಹೆಂಗಸು, ಮಡಿಲಲ್ಲಿ ಬುತ್ತಿಗಂಟು.

"ನಾ ಭಾಗೀರಥಿರಿ. ನಾಕು ಮೇಲ್ ಹಾಕೀನಿ, ಉತ್ತರಿಲ್ಲ. ನಾಳೆ ಗೈಡಿಗೆ ಅಧ್ಯಾಯ ಕೊಡಲಿಲ್ಲಂದ್ರ ಈ ವರ್ಷ ಹೋದಂಗರಿ. ಅತ್ತೀನ್ನ ಪಕ್ಕದ ಮನಿಯವರಿಗೆ ಒಪ್ಪಿಸಿ ಬಂದೀನಿ, ಒಂದ ಪುಟಕ್ಕ."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಪುಸ್ತಕ ತೆಗೆದು ಕೊಟ್ಟೆ. ಅವರ ಕೆರೆಯ ಅಳತೆಗಳೆಲ್ಲ ಆ ಪುಟದಲ್ಲೇ ಇದ್ದವು. ಅವರು ಬರೆದುಕೊಂಡು, ಯಂತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಇದು ಬರೇ ಕೊನೀ ಪುಟಾನ ನುಂಗತೈತೇನ್ರಿ?"

ಹೇಳಿಬಿಟ್ಟೆ. "ಯಂತ್ರದ ತಪ್ಪಲ್ಲಮ್ಮ. ಪುಟ ಬಿಟ್ಟರೆ ನೀವು ನಾಲ್ಕು ಮಾತು ಬರೀತೀರಿ ಅಂತ. ಇಲ್ಲಿ ನನಗೆ ಮಾತಾಡೋಕೆ ಯಾರೂ ಇಲ್ಲ."

ಸರಿಯಾಗಿ ಬೈದರು. "ಎಂಥಾ ಮನಷ್ಯಾರ್ರೀ ನೀವು! ನನ್ನ ವರ್ಷ ಮುಳಗತಿತ್ತಲ್ರಿ!" ಆಮೇಲೆ ಅವರು ಖಾಲಿ ಮೇಜುಗಳ ಸಾಲನ್ನೆಲ್ಲ ನೋಡಿ, ಬುತ್ತಿ ಬಿಚ್ಚಿ, ನನ್ನ ಮುಂದೆ ಒಂದು ಜೋಳದ ರೊಟ್ಟಿ ಇಟ್ಟರು. "'ಆರಾಮ ಅದೀರೇನು' ಅಂತ ಒಂದ ಸಾಲು ಬರೆದಿದ್ರ ನಾ ಉತ್ತರ ಕೊಡತಿದ್ದಿಲ್ಲೇನ್ರಿ?"

ಮೂವತ್ತು ಸಾವಿರ ಪುಸ್ತಕಗಳ ನಡುವೆ ಕೂತ ನನಗೆ ಈ ಉಪಾಯ ಹೊಳೆದೇ ಇರಲಿಲ್ಲ.

ಮರುವಾರ ಧೈರ್ಯ ಮಾಡಿದೆ. ಅರ್ಧ ದಿನ ಕೂತು, ಅಳಿಸಿ, ಮತ್ತೆ ಬರೆದು, "ಆರಾಮ ಇದ್ದೀರಾ?" ಎಂದಷ್ಟೇ ಕಳಿಸಿದೆ. ಪುಟದ ನೆಪವೇ ಇಲ್ಲದೆ ನಾನು ಅವರಿಗೆ ಬರೆದ ಮೊದಲ ಪತ್ರ ಅದು. ಸಂಜೆ ಉತ್ತರ ಬಂತು: "ಸರ್, ಪುಟ ಯಾವುದೂ ಬಂದಿಲ್ರಿ. ಮತ್ತೊಮ್ಮೆ ಕಳಸ್ರಿ."

ನನ್ನನ್ನು ಅಣಕಿಸುವ ತಮಾಷೆಯೋ, ಪುಟ ಕಳಿಸಿದ್ದೇನೆಂದು ನಿಜವಾಗಿಯೇ ತಿಳಿದರೋ? ಎರಡು ದಿನದಿಂದ ಅದನ್ನೇ ಓದುತ್ತ ಕೂತಿದ್ದೇನೆ. ತಪ್ಪನ್ನು ಯಂತ್ರದ ಮೇಲೆ ಹಾಕೋಣವೆಂದರೆ, ಆ ದಾರಿಗೆ ನಾನೇ ಬೀಗ ಜಡಿದುಕೊಂಡಿದ್ದೇನೆ.