ಅಳಿಯನ ವಾದಕ್ಕೆ ಅತ್ತೆಯ ಸಾಕ್ಷಿ

ಹಗಲು ಹೊತ್ತಿನಲ್ಲಿ ಅವರಷ್ಟು ತಾಳ್ಮೆಯ ಮನುಷ್ಯ ಇನ್ನೊಬ್ಬರಿರಲಿಲ್ಲ. ಕನ್ನಡಕದಂಗಡಿಯಲ್ಲಿ ಬಂದವರ ಕಣ್ಣು ಪರೀಕ್ಷಿಸುವುದು ಅವರ ಕಸುಬು. ಗಿರಾಕಿಯ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕಿ, "ಹೀಗೆ ಚೆನ್ನಾಗಿ ಕಾಣುತ್ತಾ, ಹೀಗೆ ಚೆನ್ನಾಗಿ ಕಾಣುತ್ತಾ?" ಎಂದು ದಿನಕ್ಕೆ ನಾನೂರು ಸಲ ಕೇಳುತ್ತಿದ್ದರು. "ಎರಡೂ ಒಂದೇ ಥರ ಇದೆ" ಎಂದು ಗಿರಾಕಿ ಸತಾಯಿಸಿದರೂ "ಪರವಾಗಿಲ್ಲ, ನಿಧಾನಕ್ಕೆ ನೋಡಿ ಹೇಳಿ" ಎನ್ನುತ್ತಿದ್ದರು. ಅದೇ ಮನುಷ್ಯ ಸಂಜೆ ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತರೆ ಮುಗಿಯಿತು. ಆಗ ಜಗತ್ತಿಗೆಲ್ಲ ಒಂದೇ ಗಾಜು, ಅದರಲ್ಲಿ ಕಾಣದವನು ಕುರುಡ.

ಅಂತರ್ಜಾಲದಲ್ಲಿ 'ಕಟ್ಟೆ' ಎಂಬ ಹೆಸರಿನ ಒಂದು ಚರ್ಚಾಕೂಟವಿತ್ತು. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಯಾವುದಿರಬೇಕು, ದುಡ್ಡು ಕೊಟ್ಟು ತರುವುದೋ, ಎಲ್ಲರಿಗೂ ಬಿಟ್ಟಿಯಾಗಿ ಸಿಗುವ ಲಿನಕ್ಸೋ ಎಂಬ ಒಂದೇ ಪ್ರಶ್ನೆಯನ್ನು ಆ ಕಟ್ಟೆಯ ಮೇಲೆ ಏಳು ವರ್ಷದಿಂದ ಕುಟ್ಟುತ್ತಿದ್ದರು. ಅಲ್ಲಿ ನಮ್ಮ ಕನ್ನಡಕದವರ ಹೆಸರು 'ಮುಕ್ತಕಂಠ'. ಲಿನಕ್ಸಿನಂಥ ಮುಕ್ತ ತಂತ್ರಾಂಶದ ಪರವಾಗಿ ಕಂಠಪೂರ್ತಿ ಹೋರಾಡುವವರು ಎಂದು ಅರ್ಥ (ಇದನ್ನು ಅವರೇ ಎಲ್ಲರಿಗೂ ಬಿಡಿಸಿ ಹೇಳಬೇಕಾಗಿತ್ತು). ಹೆಸರಿನ ಪಕ್ಕದಲ್ಲಿ 'ಹಿರಿಯ ವಾದಿ' ಎಂಬ ಬಂಗಾರದ ಬಣ್ಣದ ನಕ್ಷತ್ರವೂ ಇತ್ತು. ಹೆಂಡತಿಯ ಹುಟ್ಟಿದ ದಿನ ಮರೆತರೂ ನಕ್ಷತ್ರ ಸಿಕ್ಕ ದಿನಾಂಕವನ್ನು ಅವರು ಮರೆತವರಲ್ಲ.

ಅವರ ಎದುರಾಳಿ 'ಸುಮ್ನಿರಪ್ಪ' ಎಂಬ ಹೆಸರಿನವನು. ಮುಕ್ತಕಂಠರು ಸ್ವಾತಂತ್ರ್ಯ, ಸಮಾನತೆ, ಮನುಕುಲದ ಭವಿಷ್ಯ ಎಂದು ಹನ್ನೆರಡು ಪ್ಯಾರಾ ಬರೆದರೆ ಆ ಪಾಪಿ ಒಂದೇ ಸಾಲು ಬರೆಯುತ್ತಿದ್ದ: "ಎಲ್ಲಾ ಸರಿ, ನಿಮ್ಮ ಪ್ರಿಂಟರ್ ನಡೀತಾ?"

ಪ್ರಿಂಟರ್ ನಡೆಯುತ್ತಿರಲಿಲ್ಲ. ಎರಡು ವರ್ಷದಿಂದ ಅದರ ಮೇಲೊಂದು ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಹೂದಾನಿ ಇಟ್ಟಿದ್ದರು. ಅದು ಪ್ರಿಂಟರ್ ತಯಾರಕರ ಜಾಗತಿಕ ಪಿತೂರಿ ಎಂಬುದು ಮುಕ್ತಕಂಠರ ಅಚಲ ನಂಬಿಕೆ. ಹೆಂಡತಿ ಕೆಲಸ ಮಾಡುತ್ತಿದ್ದುದು ಗ್ರಂಥಾಲಯದಲ್ಲಿ. ಇಡೀ ದಿನ 'ಮೌನವಾಗಿರಿ' ಎಂಬ ಫಲಕದ ಕೆಳಗೆ ನೆಮ್ಮದಿಯಾಗಿ ಕೂತು ಬಂದ ಆಕೆಗೆ, ಸಂಜೆಯಾದರೆ ಗಂಡ ಪರದೆಯ ಜೊತೆ ಜಗಳವಾಡುವುದನ್ನು ಕೇಳಬೇಕಾದ ಪ್ರಾರಬ್ಧ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎನ್ನುತ್ತಿದ್ದಳು. "ಒಂದು ಹಾಳೆ ಪ್ರಿಂಟಾಗಲ್ಲ, ಮನುಕುಲದ ಉದ್ಧಾರ ಬೇರೆ."

"ಇದು ತತ್ವದ ಪ್ರಶ್ನೆ ಕಣೇ!"

"ಆ ತತ್ವಕ್ಕೇ ಸ್ವಲ್ಪ ಹೇಳಿ, ನನ್ನ ರಜೆ ಅರ್ಜಿ ಪ್ರಿಂಟ್ ಮಾಡ್ಕೊಡ್ಲಿ."

ಒಂದು ಸೋಮವಾರ ಸುಮ್ನಿರಪ್ಪ ತನ್ನ ಹಳೆಯ ಸಾಲನ್ನು ಬಿಟ್ಟು ಹೊಸದೊಂದು ಬಿಟ್ಟ. "ಸ್ವಾಮಿ, ನಿಮ್ಮ ಮನೆಯಲ್ಲಿ ನಿಮ್ಮನ್ನು ಬಿಟ್ಟು ಇನ್ನೊಂದು ನರಪಿಳ್ಳೆಯಾದರೂ ಈ ಲಿನಕ್ಸನ್ನು ಬಳಸುತ್ತದೆಯೇ?"

ಮುಕ್ತಕಂಠರು ತಲೆಯೆತ್ತಿ ನೋಡಿದರು. ಹೆಂಡತಿ ಫೋನಿನಲ್ಲಿದ್ದಳು. ಪಕ್ಕದ ಕೋಣೆಯಲ್ಲಿ ಅತ್ತೆಯವರಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು, ಅಳಿಯನ ಕೈಯಿಂದಲೇ ಹೊಸ ಕನ್ನಡಕ ಮಾಡಿಸಿಕೊಂಡು ಹೋಗಲು ಬಂದವರು. ಭಾನುವಾರ ಮಧ್ಯಾಹ್ನ ನಾಲ್ಕರ ರೈಲಿಗೆ ಹೊರಡುವವರು. ಅಳಿಯನ ಎರಡು ಬೆರಳು ಕೀಲಿಮಣೆಯ ಮೇಲೆ ತಾವಾಗಿಯೇ ಓಡಿದವು: "ನಮ್ಮ ಅತ್ತೆಯವರಿಗೆ ಎಪ್ಪತ್ತೊಂದು ವರ್ಷ. ಎರಡು ವರ್ಷದಿಂದ ಲಿನಕ್ಸನ್ನೇ ಬಳಸುತ್ತಿದ್ದಾರೆ. ಅದರ ಬಗ್ಗೆ ಇವತ್ತಿನವರೆಗೆ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಿಲ್ಲ." (ಕೊನೆಯ ವಾಕ್ಯ ಅಪ್ಪಟ ಸತ್ಯ.)

ಬೇಲಿ ಮೇಲೆ ಹೋಗುವ ಓತಿಕ್ಯಾತನನ್ನು ಕಿವಿಯೊಳಗೆ ಬಿಟ್ಟುಕೊಂಡರು ಎನ್ನುವುದು ಇಂಥದ್ದಕ್ಕೇ. ಕಟ್ಟೆಗೊಂದು ನಿಯಮವಿತ್ತು: ಹೇಳಿದ್ದನ್ನು ಯಾರಾದರೂ ಪ್ರಶ್ನಿಸಿದರೆ ಭಾನುವಾರ ಹನ್ನೊಂದಕ್ಕೆ ಎಲ್ಲರ ಮುಂದೆ ವಿಡಿಯೊದಲ್ಲಿ ತೋರಿಸಬೇಕು. ಸುಳ್ಳಾದರೆ ನಕ್ಷತ್ರ ಹೋಗುತ್ತದೆ, ಜೊತೆಗೆ ಒಂದು ವರ್ಷ ಮೌನ. ಒಂದಕ್ಷರ ಬರೆಯುವಂತಿಲ್ಲ. ಸುಮ್ನಿರಪ್ಪನನ್ನು ಸಿಕ್ಕಿಸಲೆಂದು ಆ ನಿಯಮವನ್ನು ಎರಡು ವರ್ಷದ ಹಿಂದೆ ಬರೆದವರು ಬೇರೆ ಯಾರೂ ಅಲ್ಲ, ಮುಕ್ತಕಂಠರೇ. ಐದು ನಿಮಿಷದಲ್ಲಿ ಸುಮ್ನಿರಪ್ಪನ ಉತ್ತರ ಬಂತು: "ಭಾನುವಾರ ಪೂಜ್ಯ ಅತ್ತೆಯವರ ದರ್ಶನಕ್ಕೆ ಕಾಯುತ್ತೇವೆ."

"ಯಾಕ್ರೀ, ಮುಖ ಯಾಕೆ ಹಾಗಾಯ್ತು?" ಹೆಂಡತಿ ಕೇಳಿದಳು. ಅವರು ಹೇಳಿದರು. ಆಕೆ ಫೋನನ್ನು ಕೆಳಗಿಟ್ಟಳು.

"ನಮ್ಮಮ್ಮನಾ? ಟೀವಿ ರಿಮೋಟನ್ನ ಇವತ್ತಿಗೂ ತಲೆಕೆಳಗಾಗಿ ಹಿಡ್ಕೋತಾಳಲ್ರೀ!"

"ಐದು ದಿನ ಇದೆ. ಕಲಿಸ್ತೀನಿ."

"ಸುಮ್ಮನೆ ತಪ್ಪಾಯ್ತು ಅಂತ ಬರೆದುಬಿಡಿ. ಒಂದು ವರ್ಷ ಮೌನ ತಾನೇ?" ಆಕೆಯ ಕಣ್ಣಲ್ಲಿ ಆಸೆ ಮಿನುಗಿತು. "ಒಂದು ವರ್ಷ! ಮನೇಲಿ ನಾವು ಮಾತಾಡಬಹುದು ಕಣ್ರೀ."

"ಸತ್ತರೂ ಇಲ್ಲ!" ಎಂದರು ಮುಕ್ತಕಂಠರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಪೈಕಿ ಅವರು. ಮೊಲ ನಾಲ್ಕನೆಯ ಕಾಲಿನಿಂದಲೇ ಒದ್ದರೂ ಬಿಡುವವರಲ್ಲ.

ಅತ್ತೆಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಮೂವತ್ತೆರಡು ವರ್ಷ ಟೈಪಿಂಗ್ ಶಾಲೆ ನಡೆಸಿದವರು. ಒಂದು ಕೋಣೆಯಲ್ಲಿ ಹದಿನಾರು ಟೈಪ್‌ರೈಟರ್ ಒಟ್ಟಿಗೆ ಬಡಿಯುತ್ತಿರುವಾಗ, ಏಳನೆಯ ಯಂತ್ರದಲ್ಲಿ ಯಾರೋ ತಪ್ಪು ಬೆರಳಿನಿಂದ ಒತ್ತಿದ್ದನ್ನು ಕಿವಿಯಲ್ಲೇ ಹಿಡಿಯುತ್ತಿದ್ದರು. ಕೈಯಲ್ಲಿ ಒಂದಡಿಯ ಮರದ ಸ್ಕೇಲು. ಶಾಲೆ ಮುಚ್ಚಿ ಹನ್ನೊಂದು ವರ್ಷವಾಗಿದ್ದರೂ ಆ ಸ್ಕೇಲು ಈಗಲೂ ಅವರ ಚೀಲದಲ್ಲಿತ್ತು.

ಅಳಿಯ ಕೈಕಟ್ಟಿ ನಿಂತು ವಿಷಯ ನಿವೇದಿಸಿಕೊಂಡಾಗ ಅತ್ತೆ ಹೊಸ ಕನ್ನಡಕದೊಳಗಿನಿಂದ ಅವರನ್ನೇ ದಿಟ್ಟಿಸಿದರು.

"ಅಳಿಯಂದ್ರೇ, ಮದುವೆಯಾಗಿ ಹದಿಮೂರು ವರ್ಷದಲ್ಲಿ ನೀವು ನನ್ನ ಹತ್ರ ಏನೂ ಕೇಳಿದವರಲ್ಲ. ಇಲ್ಲ ಅನ್ನೋದು ಹೇಗೆ? ಕಲಿಸಿ, ಕಲೀತೀನಿ. ಆದ್ರೆ ನಾನು ಸುಳ್ಳು ಹೇಳಲ್ಲ. ಯಾರಾದ್ರೂ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ."

"ಯಾರೂ ಕೇಳಲ್ಲ ಅತ್ತೆ. ಮಾಡಿ ತೋರಿಸಿದ್ರೆ ಸಾಕು," ಎಂದರು ಅಳಿಯ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬ ಲೆಕ್ಕ.

ಮಂಗಳವಾರ ಪಾಠ ಶುರುವಾಯಿತು. ಅತ್ತೆಗೆಂದೇ ಅಳಿಯ ಪರದೆಯ ತುಂಬ ದೊಡ್ಡ ದೊಡ್ಡ ಚಿತ್ರಗಳನ್ನು ಜೋಡಿಸಿಟ್ಟಿದ್ದರು. ಮೌಸ್ ಹಿಡಿದು ಚಿತ್ರದ ಮೇಲೆ ಒತ್ತಿದರೆ ಆಯಿತು, ಮಕ್ಕಳಿಗೂ ಬರುತ್ತದೆ. ಅತ್ತೆ ಮೌಸನ್ನು ಎರಡು ಬೆರಳಿನಲ್ಲಿ ಎತ್ತಿ, ಹಿಂದೆ ಮುಂದೆ ನೋಡಿ, ಮೇಜಿನ ಆ ತುದಿಗಿಟ್ಟರು.

"ಇದು ಬೇಡ. ಕೈ ಕೀಲಿಮಣೆ ಬಿಟ್ಟು ಅಲೆಯಬಾರದು. ನನ್ನ ಶಾಲೇಲಿ ಕೈ ಎತ್ತಿದವರಿಗೆ ಏಟು ಬೀಳ್ತಿತ್ತು."

"ಅತ್ತೆ, ಮೌಸ್ ಇಲ್ಲದೆ ಆಗಲ್ಲ. ಬರೀ ಟೈಪ್ ಮಾಡಿ ನಡೆಸೋದು ಅಂದ್ರೆ ಆ ಕಪ್ಪು ಪರದೆ. ಅದು ಪಂಡಿತರಿಗೆ. ನಾನೇ ಅದನ್ನ ಹೆಚ್ಚು ಮುಟ್ಟಲ್ಲ..." ಎಂದವರು ನಾಲಿಗೆ ಕಚ್ಚಿಕೊಂಡರು. ಕಟ್ಟೆಯ ಮೇಲೆ ಕಪ್ಪು ಪರದೆಯ ಮಹಿಮೆಯನ್ನು ಕೊಂಡಾಡಿ ನಲವತ್ತು ಲೇಖನ ಬರೆದವರು ಅವರು.

"ಅದನ್ನೇ ತೆಗೀರಿ," ಎಂದರು ಅತ್ತೆ.

ಕಪ್ಪು ಪರದೆ ತೆರೆಯಿತು. ಒಂದು ಸಣ್ಣ ಗೆರೆ ಮಿಣಿಮಿಣಿ ಎನ್ನುತ್ತಾ ಅಪ್ಪಣೆಗೆ ಕಾಯುತ್ತಿತ್ತು. ಅತ್ತೆಯ ಹತ್ತು ಬೆರಳುಗಳೂ ತಮ್ಮ ತಮ್ಮ ಜಾಗದಲ್ಲಿ ಇಳಿದು ಕೂತವು. ಅಪ್ಪಣೆಯ ಪದಗಳನ್ನು ಅಳಿಯ ಪುಸ್ತಕ ನೋಡಿಕೊಂಡು ಹೇಳುತ್ತಾ ಹೋದರು. ಅತ್ತೆ ಅವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೀಲಿಮಣೆಯ ಕಡೆ ನೋಡದೆ ಬಡಿಯುತ್ತಾ ಹೋದರು. ಒಂದು ಗಂಟೆಯ ಮೇಲೆ ಹಿಂದಕ್ಕೊರಗಿ, "ತುಂಬ ಮರ್ಯಾದಸ್ಥ ಯಂತ್ರ," ಎಂದರು. "ಹೇಳಿದ್ದನ್ನ ಮಾಡುತ್ತೆ. ಮಾಡದಿದ್ರೆ ಯಾಕೆ ಮಾಡಲ್ಲ ಅಂತ ಕಾರಣ ಕೊಡುತ್ತೆ. ನಿಮ್ಮ ಮಾವನವರು ಎರಡನ್ನೂ ಮಾಡಿದವರಲ್ಲ."

ಬುಧವಾರ ಅಳಿಯ "ಇಲ್ಲಿ ಹೀಗೆ ಮಾಡಿ" ಎಂದು ತೋರಿಸಲು ಕೀಲಿಮಣೆ ಮುಟ್ಟಿದರು. ಟಕ್ ಎಂದು ಸ್ಕೇಲು ಬೆರಳ ಗೆಣ್ಣಿನ ಮೇಲೆ ಬಿತ್ತು.

"ಎರಡು ಬೆರಳಾ?" ಅತ್ತೆಯ ದನಿಯಲ್ಲಿ ನಿಜವಾದ ನೋವಿತ್ತು. "ಅಳಿಯಂದ್ರೇ, ಏಳು ವರ್ಷದ ಹೋರಾಟ ಅಂತೀರಿ, ಎಲ್ಲಾ ಈ ಎರಡು ಬೆರಳಲ್ಲಾ?"

ಹೆಂಡತಿ ಸೆರಗನ್ನು ಬಾಯಿಗೆ ಅದುಮಿಕೊಂಡು ಅಡುಗೆಮನೆಗೆ ಓಡಿದಳು.

ಶುಕ್ರವಾರ ಅತ್ತೆಯವರ ದೃಷ್ಟಿ ಹೂದಾನಿಯ ಮೇಲೆ ಬಿತ್ತು. ಅದರ ಕೆಳಗೇನಿದೆ ಎಂದು ವಿಚಾರಿಸಿದರು. ಅಳಿಯ ಜಾಗತಿಕ ಪಿತೂರಿಯ ಕಥೆಯನ್ನು ಮೊದಲಿನಿಂದ ಆರಂಭಿಸಿದರು. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಅತ್ತೆ ಪುಸ್ತಕದಲ್ಲಿ ಹುಡುಕಿ, ಪ್ರಿಂಟರಿಗೆ ಏನಾಗಿದೆ ಎಂದು ಕಪ್ಪು ಪರದೆಯನ್ನೇ ಕೇಳಿದ್ದರು. ಅದು ಒಂದು ಸಾಲಿನ ಉತ್ತರ ಕೊಟ್ಟಿತ್ತು.

"ಕಾಗದದ ತಟ್ಟೆ ಸರಿಯಾಗಿ ಮುಚ್ಚಿಲ್ವಂತೆ," ಎಂದು ಅತ್ತೆ ಓದಿದರು. ಎದ್ದು ಹೋಗಿ, ಹೂದಾನಿ, ಬಟ್ಟೆ ತೆಗೆದು ತಟ್ಟೆಯನ್ನು ಅಂಗೈಯಲ್ಲಿ ಒಂದು ತಳ್ಳು ತಳ್ಳಿದರು. ಪ್ರಿಂಟರ್ ನಿದ್ದೆಯಿಂದೆದ್ದು ಗುರುಗುಟ್ಟಿ, ಎರಡು ವರ್ಷದ ಹಿಂದಿನ ರಜೆ ಅರ್ಜಿಯನ್ನು ಹೊರಕ್ಕೆ ತಳ್ಳಿತು. ಹೆಂಡತಿ ಅದನ್ನು ಎತ್ತಿಕೊಂಡು ಓದಿ, ಗಂಡನ ಮುಖ ನೋಡಿದಳು. ಬೈದಿದ್ದರೆ ಎಷ್ಟೋ ಮೇಲಿತ್ತು.

ಭಾನುವಾರ ಹನ್ನೊಂದಕ್ಕೆ ಕಟ್ಟೆ ತುಂಬಿತು. ಪರದೆಯ ಮೇಲೆ ನಲವತ್ತು ಪುಟ್ಟ ಪುಟ್ಟ ಮುಖಗಳು. ಸುಮ್ನಿರಪ್ಪನಿಗೆ ಕೋರೆಹಲ್ಲು ಇರಬಹುದೆಂದು ಮುಕ್ತಕಂಠರು ಏಳು ವರ್ಷದಿಂದ ಊಹಿಸಿದ್ದರು. ನೋಡಿದರೆ ಬೋಳುತಲೆಯ, ಮೆತ್ತನೆ ಮಾತಿನ ಹಲ್ಲಿನ ಡಾಕ್ಟರು. ಅತ್ತೆ ಎಲ್ಲರಿಗೂ ಕೈಮುಗಿದು, ಬೆನ್ನು ನೇರ ಮಾಡಿ ಕೂತರು.

ಆಮೇಲೆ ನಡೆದದ್ದನ್ನು ಕಟ್ಟೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಕಾಗದ ಬರೆ ಎಂದರೆ ಬರೆದರು, ಹುಡುಕು ಎಂದರೆ ಹುಡುಕಿದರು, ಕಳಿಸು ಎಂದರೆ ಕಳಿಸಿದರು. ಎಲ್ಲವೂ ಕಪ್ಪು ಪರದೆಯಲ್ಲಿ, ಒಂದು ಸಲವೂ ಕೀಲಿಮಣೆಯ ಕಡೆ ಬಗ್ಗಿ ನೋಡದೆ. "ಪ್ರಿಂಟರ್..." ಎಂದು ಸುಮ್ನಿರಪ್ಪ ಬಾಯಿ ತೆರೆಯುವಷ್ಟರಲ್ಲಿ ಬಿಸಿ ಹಾಳೆಯನ್ನು ಕ್ಯಾಮೆರಾ ಮುಂದೆ ಹಿಡಿದಾಗಿತ್ತು. ಚಪ್ಪಾಳೆಯೋ ಚಪ್ಪಾಳೆ. ಮುಕ್ತಕಂಠರ ಎದೆ ಅಂಗಿಯ ಗುಂಡಿಗಳಿಗೆ ಸವಾಲಾಗುವಷ್ಟು ಉಬ್ಬಿತು. ಏಳು ವರ್ಷದ ತಪಸ್ಸು ಕೊನೆಗೂ ಫಲಿಸಿತು ಎಂದು ಅವರಿಗೆ ನಿಜಕ್ಕೂ ಕಣ್ಣು ತುಂಬಿ ಬಂತು.

"ಸೋತೆ ಅಮ್ಮಾ, ಸೋತೆ," ಎಂದು ಸುಮ್ನಿರಪ್ಪ ಕೈಮುಗಿದ. "ಎರಡು ವರ್ಷಕ್ಕೆ ಇಷ್ಟು ಕಲಿತಿದ್ದೀರಲ್ಲಾ, ದೊಡ್ಡದು."

"ಯಾರ್ರೀ ಹೇಳಿದ್ದು ಎರಡು ವರ್ಷ ಅಂತ?" ಎಂದರು ಅತ್ತೆ. "ನಾನು ಕಲಿತಿದ್ದು ಮಂಗಳವಾರದಿಂದ."

ನಲವತ್ತು ಮುಖಗಳೂ ಒಮ್ಮೆಲೇ ಪರದೆಯ ಹತ್ತಿರಕ್ಕೆ ಬಂದವು. ಅಳಿಯ ಕುರ್ಚಿಯ ಹಿಂದೆ ನಿಂತು ಕೈ, ಹುಬ್ಬು, ತಲೆ ಎಲ್ಲವನ್ನೂ ಆಡಿಸಿದರು. ಅತ್ತೆ ತಿರುಗಿಯೂ ನೋಡಲಿಲ್ಲ. "ಅಳಿಯಂದ್ರು ಪಾಪ, ಮಾತಿನ ಭರದಲ್ಲಿ ಏನೋ ಬರೆದುಬಿಟ್ಟಿದ್ದಾರೆ. ಕೇಳಿದ್ರೆ ಹೇಳ್ತೀನಿ ಅಂತ ಅವರಿಗೆ ಮೊದಲೇ ಹೇಳಿದ್ದೆ," ಎಂದರು.

ಮುಕ್ತಕಂಠರು ಮುಂದೆ ಬಗ್ಗಿ, "ಆದ್ರೆ ನೋಡಿ, ಐದೇ ದಿನದಲ್ಲಿ ಕಲಿತರು ಅಂದ್ರೆ ನನ್ನ ವಾದ ಇನ್ನೂ ಗಟ್ಟಿ ಆಯ್ತಲ್ವಾ..." ಎಂದು ಕೂಗಿದರು.

"ವಾದ ಗೆದ್ದಿದೆ. ವಾದಿ ಸೋತಿದ್ದಾರೆ," ಎಂದ ಸುಮ್ನಿರಪ್ಪ ಮೆತ್ತಗೆ. "ನಿಯಮ ತಮ್ಮದೇ, ಸ್ವಾಮಿ."

ಬಂಗಾರದ ನಕ್ಷತ್ರ ಅವರ ಕಣ್ಣೆದುರೇ ಆರಿಹೋಯಿತು. ಅಲ್ಲಿಗೇ ನಿಂತಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದರು. ಲಿನಕ್ಸ್ ಪರವಾಗಿ ವಾದಿಸಲು ಒಬ್ಬರು ಬೇಕಲ್ಲ, ಅಮ್ಮನವರೇ ಯಾಕಾಗಬಾರದು ಎಂದು ಯಾರೋ ಎಂದರು. ನಲವತ್ತು ಕೈ ಮೇಲಕ್ಕೆದ್ದವು. ನಕ್ಷತ್ರ ಮತ್ತೆ ಹೊತ್ತಿಕೊಂಡಿತು, 'ಅತ್ತೆ' ಎಂಬ ಹೊಸ ಹೆಸರಿನ ಪಕ್ಕದಲ್ಲಿ.

ಮಧ್ಯಾಹ್ನ ಮೂರಕ್ಕೆ ಅಳಿಯ ಚೀಲವನ್ನು ಬಾಗಿಲಿಗೆ ತಂದಿಟ್ಟು, "ಅತ್ತೆ, ರೈಲಿಗೆ ಹೊತ್ತಾಯ್ತು" ಎಂದರು. ಅತ್ತೆ ಕಂಪ್ಯೂಟರ್ ಮುಂದಿನಿಂದ ಏಳಲಿಲ್ಲ.

"ರೈಲು ನಾಳೆಯೂ ಇದೆ. ಆ ಹಲ್ಲಿನ ಡಾಕ್ಟರು ಈಗಷ್ಟೇ ಏನೋ ಕೇಳಿದ್ದಾರೆ. ವಾದ ಅರ್ಧಕ್ಕೆ ಬಿಟ್ಟು ಎದ್ದು ಹೋಗೋಕಾಗುತ್ತಾ, ನೀವೇ ಹೇಳಿ."

ಅದಾಗಿ ಮೂರು ವಾರ ಕಳೆಯಿತು. ರೈಲು ದಿನಾ ನಾಲ್ಕಕ್ಕೆ ಹೋಗುತ್ತಲೇ ಇತ್ತು. ಕಂಪ್ಯೂಟರ್ ಮೇಜು ಅತ್ತೆಯವರದು. ಸುಮ್ನಿರಪ್ಪನ ಮಾತಿನಲ್ಲೂ ಸತ್ಯವಿದೆ ಎಂದು ಅತ್ತೆ ಒಂದು ಸಂಜೆ ಬರೆದುಬಿಟ್ಟರು: "ಎರಡೂ ಯಂತ್ರವೇ. ಬೆರಳು ಸರಿಯಿದ್ದರೆ ಯಾವುದಾದರೂ ಸರಿ." ಅದನ್ನೋದಿ ಮುಕ್ತಕಂಠರ ಗಂಟಲಿಗೆ ಹನ್ನೆರಡು ಪ್ಯಾರಾ ಒಟ್ಟಿಗೆ ಉಕ್ಕಿ ಬಂದವು. ಬರೆಯುವಂತಿಲ್ಲ. ಇನ್ನೂ ಹನ್ನೊಂದು ತಿಂಗಳು ಒಂದು ವಾರ.

"ಅತ್ತೆ, ನನ್ನ ಪರವಾಗಿ ಒಂದೇ ಒಂದು ಸಾಲು ಹಾಕ್ತೀರಾ?" ಎಂದು ಗೋಗರೆದರು.

"ಹತ್ತು ಬೆರಳಲ್ಲಿ ನೀವೇ ಟೈಪ್ ಮಾಡಿ, ಹಾಕ್ತೀನಿ. ಎರಡು ಬೆರಳಿನ ಮಾಲು ನನ್ನ ಹೆಸರಲ್ಲಿ ಹೋಗಕೂಡದು. ಮೊದಲು ಅಭ್ಯಾಸದ ಸಾಲು. ಒಂದು ಪುಟ, ಒಂದೂ ತಪ್ಪಿಲ್ಲದೆ." ಅತ್ತೆ ಆ ಸಾಲನ್ನು ಎರಡು ಚೀಟಿಯಲ್ಲಿ ಬರೆದು ಅಳಿಯನ ಕಣ್ಣ ಮುಂದೆ ಒಂದಾದ ಮೇಲೊಂದು ಹಿಡಿದರು. "ಹೀಗಿದ್ರೆ ಚೆನ್ನಾ, ಹೀಗಿದ್ರೆ ಚೆನ್ನಾ?"

"ಎರಡೂ ಒಂದೇ ಥರ ಇದೆಯಲ್ಲಾ ಅತ್ತೆ."

"ಪರವಾಗಿಲ್ಲ. ನಿಧಾನಕ್ಕೆ ನೋಡಿ ಹೇಳಿ."

ಮುಕ್ತಕಂಠರು ಹಲ್ಲು ಕಚ್ಚಿ ಕೂತರು. ಬೆರಳು ಕಾಣದಂತೆ ಕೈಗಳ ಮೇಲೆ ಬಟ್ಟೆ ಹೊದಿಸಲಾಯಿತು (ಪ್ರಿಂಟರಿನ ಮೇಲಿದ್ದ ಅದೇ ಬಟ್ಟೆ). ಪಕ್ಕದಲ್ಲಿ ಸ್ಕೇಲು. ಹಿಡಿದ ಕೆಲಸ ಬಿಡುವ ಜಾತಿಯಲ್ಲ ಅವರು. ನಾಲ್ಕು ಸಂಜೆ ಬಡಿದು, ಐದನೆಯ ಸಂಜೆ ಪುಟ ಮುಗಿಸಿದರು. ಒಂದೂ ತಪ್ಪಿರಲಿಲ್ಲ. ಅತ್ತೆ ಬೆನ್ನು ತಟ್ಟಿದರು. ಹೆಂಡತಿ ಬಂದು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಆಮೇಲೆ ತಾನೇ ಕೈಯಾರೆ ಪ್ರಿಂಟ್ ತೆಗೆದು, ಗ್ರಂಥಾಲಯದಿಂದ ತಂದ ಗೋಂದು ಹಚ್ಚಿ, ಮೇಜಿನ ಮೇಲುಗಡೆ ಗೋಡೆಗೆ ಅಂಟಿಸಿದಳು. ಅಚ್ಚು ಬಲು ಸ್ಪಷ್ಟವಾಗಿ ಬಂದಿತ್ತು. 'ನಾನು ಇನ್ನು ಮೇಲೆ ಸುಮ್ಮನಿರುತ್ತೇನೆ' ಎಂದು ಮೂವತ್ತಾರು ಸಲ.