ನಿಶ್ಚಿತಾರ್ಥಕ್ಕೆ ಅಡ್ಡ ನಿಂತ ಫೈರ್‌ವಾಲ್

ಮಳವಳ್ಳಿಯ ಕಾಲೇಜಿನಲ್ಲಿ ದಿನವಿಡೀ ಕಂಪ್ಯೂಟರ್ ಪಾಠ ಮಾಡಿ, ಗಂಟಲು ಒಣಗಿಸಿಕೊಂಡು ಮನೆಗೆ ಬಂದರೆ ನನಗೊಂದು ಲೋಟ ಕಾಫಿಗೂ ಗತಿಯಿಲ್ಲ. ಹೆಂಡತಿ ನಾಗಶ್ರೀಯ ಕೈಯಲ್ಲಿ ಒಂದು ಫೋನು, ಅಮ್ಮ ಮರಿತಾಯಮ್ಮನ ಕೈಯಲ್ಲಿ ಇನ್ನೊಂದು. ಒಬ್ಬರದು ಸೀರೆ, ಇನ್ನೊಬ್ಬರದು ಸೀರಿಯಲ್ಲು. "ಕಾಫಿ" ಎಂದರೆ "ಉಂ" ಎನ್ನುತ್ತಾರೆ. ಆ "ಉಂ" ಯಾವತ್ತೂ ಲೋಟಕ್ಕೆ ಇಳಿದದ್ದಿಲ್ಲ. (ನೀನೇ ಮಾಡಿಕೊಳ್ಳಬಹುದಲ್ಲ ಎನ್ನಬೇಡಿ, ಆ ಪ್ರಶ್ನೆ ಮನೆಯಲ್ಲೇ ಬೇಕಾದಷ್ಟು ಬಂದಿದೆ.)

ಆದ್ದರಿಂದ ಗೃಹಸಾಮ್ರಾಜ್ಯದ ರಕ್ಷಣೆಗಾಗಿ ಫೈರ್‌ವಾಲ್ ಕಟ್ಟಿದೆ. ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಇಂಟರ್‌ನೆಟ್ ತಂತಿಗೂ ವೈಫೈ ಡಬ್ಬಿಗೂ ನಡುವೆ ಕೂರಿಸಿದೆ. ಬರುವುದು, ಹೋಗುವುದು ಎಲ್ಲ ಅದರ ಅಪ್ಪಣೆ ಪಡೆಯಬೇಕು. ನಿಯಮಗಳನ್ನು ಅದು ಮೇಲಿನಿಂದ ಕೆಳಕ್ಕೆ ಓದುತ್ತದೆ. ಯಾವುದಕ್ಕೂ ಹೊಂದದಿದ್ದರೆ ಕೊನೆಯ ಮಾತು, "ಬಿಡಬೇಡ". ಕಾಲೇಜಿಗೆ, ಬ್ಯಾಂಕಿಗೆ ದಾರಿ ಬಿಟ್ಟೆ. ಸೀರೆಗೂ ಸೀರಿಯಲ್ಲಿಗೂ ತಡೆ. ವಿಳಾಸದ ಪಕ್ಕ ಭದ್ರತೆಯ ಬೀಗದ ಗುರುತಿಲ್ಲದ ಹಳೇ ಚಿಲ್ಲರೆ ತಾಣ ಯಾವುದನ್ನು ತೆರೆದರೂ ಅದು ನಾನೇ ಬರೆದ ಪುಟಕ್ಕೆ ತಿರುಗಬೇಕು. ಅಲ್ಲಿ ಕೋಟು ತೊಟ್ಟ ನನ್ನ ಫೋಟೊ, ಕೆಳಗೆ ಸಂದೇಶ: "ಮೊದಲು ಕಾಫಿ, ಆಮೇಲೆ ಫೋನು."

ಅತ್ತೆ ಸೊಸೆ ಇಬ್ಬರೂ ನೆಟ್ಟೇ ಸರಿಯಿಲ್ಲವೆಂದು ಕೇಬಲಿನವನಿಗೆ ಶಾಪ ಹಾಕಿದರು. ನಾನೂ ಹೌದೆಂದು ತಲೆಯಾಡಿಸಿದೆ.

ಭಾನುವಾರ ಮದ್ದೂರಿನಲ್ಲಿ ಅಮ್ಮನ ತಂಗಿಯ ಮೊಮ್ಮಗಳು ಶೋಭಿತಾಳ ನಿಶ್ಚಿತಾರ್ಥ. ಅಮ್ಮ ಎತ್ತಿ ಆಡಿಸಿದ ಹುಡುಗಿ. ಮಂಡಿ ಆಪರೇಷನ್ ಆಗಿ ಬಸ್ಸು ಹತ್ತಲಾರದ ಅಮ್ಮನಿಗೆಂದೇ ಫೋಟೊಗ್ರಾಫರ್ ತನ್ನ ಬೀಗವಿಲ್ಲದ ಹಳೇ ತಾಣದಲ್ಲಿ ನೇರ ಪ್ರಸಾರ ಇಟ್ಟು ಲಿಂಕು ಕಳಿಸಿದ್ದ. ಅಮ್ಮ ರೇಷ್ಮೆ ಸೀರೆ ಉಟ್ಟು ಟಿ.ವಿ. ಮುಂದೆ ಕೂತಳು. ನಾಗಶ್ರೀ ಫೋನಿನಿಂದ ಟಿ.ವಿ.ಗೆ ಹಾಕಿದಳು. ಪರದೆಯ ತುಂಬ ನಾನು!

"ಇದ್ಯಾಕ್ಲಾ ರಾಜೇಂದ್ರ, ನಿನ್ ಮೊಕ ಬತ್ತಾ ಅದೆ? ಗಂಡು ಬದ್ಲಾಗ್ಬುಟ್ನಾ?"

ನಾಗಶ್ರೀ ಕೆಳಗಿನ ಸಾಲನ್ನೂ ಓದಿದಳು. "ಓಹೋ, ನಿಮ್ದಾ ಈ ಕಿತಾಪತಿ? ಪಾಪ, ಸುಮ್ನೆ ಕೇಬಲ್ನೋನ್ಗೆ ಬೈದ್ನಲ್ಲಾ ನಾನು! ತೆಗೀರಿ ಮೊದ್ಲು ಅದ್ನ!"

ಬೆವರುತ್ತ ಲ್ಯಾಪ್‌ಟಾಪ್ ತೆರೆದು, ಅವಸರದಲ್ಲಿ ಎಲ್ಲ ನಿಯಮಗಳನ್ನೂ ಒಮ್ಮೆಗೇ ಅಳಿಸಿದೆ. ಅಳಿಸಿದ ಮೇಲೆ ಹೊಳೆಯಿತು: ದಾರಿ ಬಿಡುವ ನಿಯಮಗಳೂ ಹೋದವು, ಉಳಿದದ್ದು ಕೊನೆಯ "ಬಿಡಬೇಡ" ಒಂದೇ. ನನ್ನ ಲ್ಯಾಪ್‌ಟಾಪಿಗೂ ಅದೇ ಉತ್ತರ. ಫೈರ್‌ವಾಲಿನ ಆ ಹಳೇ ಪೆಟ್ಟಿಗೆಗೆ ಪರದೆಯಿಲ್ಲ, ಕೀಬೋರ್ಡಿಲ್ಲ. ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಗುರ್ ಎಂದು ಮಲಗಿಬಿಟ್ಟಿತು. ನಮ್ಮ ಬೀದಿಯ ಮೊಬೈಲ್ ಸಿಗ್ನಲ್ಲೋ, ನೆಂಟರ ಹಾಗೆ, ಬೇಕಾದಾಗ ಬರುವುದಿಲ್ಲ.

"ಇನ್ನೆಷ್ಟೊತ್ಲಾ? ಉಂಗ್ರ ಆಕ್ಬುಡ್ತಾರೆ ಕಣ್ಲಾ..." ಅಮ್ಮನ ದನಿ ಸಣ್ಣದಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ನಾಗಶ್ರೀ ಅತ್ತೆಯ ತೋಳು ಹಿಡಿದು, ಪಕ್ಕದ ಮನೆಯ ಶಮೀಮ್ ಬಾನು ಅವರಲ್ಲಿಗೆ ಮೆಲ್ಲಗೆ ನಡೆಸಿಕೊಂಡು ಹೋದಳು. ಸ್ವಲ್ಪ ಹೊತ್ತು ಪೆಟ್ಟಿಗೆಯೊಡನೆ ಹೆಣಗಿ, ಸೋತು, ನಾನೂ ಹೋದೆ. ಅವರ ಟಿ.ವಿ.ಯಲ್ಲಿ ಶೋಭಿತಾಳ ಬೆರಳಿಗೆ ಉಂಗುರ ಏರುತ್ತಿತ್ತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಬನ್ನಿ ಸಾರ್," ಎಂದರು ಶಮೀಮ್ ಬಾನು. "ಅದೇನೋ ಗೋಡೆ ಕಟ್ಟಿದ್ದೀರಂತಲ್ಲ. ನಮ್ ಹುಡ್ಗ ಹಸೀಬ್ಗೂ ಫೋನ್ ಹುಚ್ಚು ಜಾಸ್ತಿ ಆಗದೆ. ನಮ್ಮನೇಗೂ ಒಂದು ಕಟ್ಕೊಡಿ."

ಅಂತೂ ನನ್ನ ವಿದ್ಯೆಗೆ ಒಬ್ಬರಾದರೂ ಬೆಲೆ ಕೊಟ್ಟರಲ್ಲ ಎಂದು ನಾನು ಎದೆ ಉಬ್ಬಿಸುವಷ್ಟರಲ್ಲಿ, ಅಮ್ಮ ಟಿ.ವಿ.ಯಿಂದ ಕಣ್ಣು ಕೀಳದೆ ಹೇಳಿದಳು:

"ಬ್ಯಾಡ ಕಣವ್ವ. ಇಲ್ಲೂ ಕಟ್ಬುಟ್ರೆ ಆಮೇಲೆ ನಾವೆಲ್ಲಿಗ್ ಓಗವ?"