ಹತ್ತನೆಯ ಗಿರಾಕಿ

ಗುಮಾಸ್ತರ ಫೋನು ಬೆಳಿಗ್ಗೆ ಏಳೂವರೆಗೆ, ಅವರು ಹಲ್ಲುಜ್ಜುತ್ತಿದ್ದ ಹೊತ್ತಿಗೆ, ಕಿಟಕಿಯ ಕಟ್ಟೆಯ ಮೇಲೆ ಟಪ್ ಎಂದು ಸದ್ದು ಮಾಡಿ ಸತ್ತಿತು. ಮೂರು ತಿಂಗಳಿಂದ ಬ್ಯಾಟರಿ ಊದಿ, ಬೆನ್ನು ಬಿಟ್ಟುಕೊಂಡು, ಎರಡು ರಬ್ಬರ್ ಬ್ಯಾಂಡಿನ ಆಸರೆಯಲ್ಲಿ ಉಸಿರು ಹಿಡಿದುಕೊಂಡಿತ್ತು. ಇನ್ನೊಂದು ದಿನ ಹಿಡಿದುಕೊಂಡಿದ್ದರೆ ಅದರ ಗಂಟೇನು ಹೋಗುತ್ತಿತ್ತೋ ಕಾಣೆ.

ಯಾಕೆಂದರೆ ಕಣ್ಣಾಸ್ಪತ್ರೆಯಿಂದ ಕರೆ ಬರಬೇಕಾಗಿದ್ದದ್ದು ಅವತ್ತೇ. ಗುಮಾಸ್ತರ ಹೆಂಡತಿಗೆ ಎರಡೂ ಕಣ್ಣಿಗೆ ಪೊರೆ. ಬಲಗಣ್ಣು ಹೋದ ಹಾಗೇ ಲೆಕ್ಕ, ಎಡಗಣ್ಣಿಗೆ ಎಲ್ಲ ಎಣ್ಣೆ ಕಾಗದದ ಆಚೆ ಇದ್ದಂತೆ ಕಾಣುತ್ತಿತ್ತು. ಲೋಟಕ್ಕೆ ಚಹಾ ಬಗ್ಗಿಸುವಾಗ ತುಂಬಿತೋ ಇಲ್ಲವೋ ತಿಳಿಯಲು ಆಕೆ ಒಳಗೆ ಬೆರಳಿಟ್ಟುಕೊಳ್ಳುತ್ತಿದ್ದರು. ಆ ಬೆರಳಿನ ತುದಿ ಬೆಂದು ಬೆಂದು ಗಟ್ಟಿಯಾಗಿತ್ತು. ಆಪರೇಷನ್ನಿಗೆ ಹೆಸರು ಬರೆಸಿ ಏಳು ತಿಂಗಳಾಗಿತ್ತು. ಹಿಂದಿನ ದಿನ ಆಸ್ಪತ್ರೆಯ ಬುಕಿಂಗ್‌ನವನು ಫೋನಿನಲ್ಲಿ ಹೇಳಿದ್ದ: "ನಾಡಿದ್ದಿನ ಪಟ್ಟಿಲಿ ಒಬ್ಬರು ಬರೋದು ಅನುಮಾನ. ಖಾಲಿ ಆದ್ರೆ ನಾಳೆ ಐದರೊಳಗೆ ನಿಮಗೆ ಕರೆ ಮಾಡ್ತೀನಿ. ನೀವು ಎತ್ತದಿದ್ರೆ ಮುಂದಿನವರಿಗೆ ಹೋಗುತ್ತೆ, ಆಮೇಲೆ ನನ್ನ ಬಯ್ಯಬೇಡಿ."

"ಕರೆ ಬಂದ ತಕ್ಷಣ ಮನೆಗೆ ಬಂದ್ಬಿಡಿ" ಎಂದರು ಹೆಂಡತಿ. ಆಕೆ ಆಗಲೇ ಗೋಡೆ ಸವರಿಕೊಂಡು ಹೋಗಿ ಬೀರುವಿನಿಂದ ಬ್ಯಾಗು ತೆಗೆದಿದ್ದರು. ಫೋನು ಸತ್ತ ಸಂಗತಿ ಹೇಳಲು ಗುಮಾಸ್ತರಿಗೆ ಬಾಯಿ ಬರಲಿಲ್ಲ.

ಗುಮಾಸ್ತರದು ಬ್ಯಾಂಕಿನ ದೂರು ವಿಭಾಗ. ಯಾರೋ ಫೋನ್ ಮಾಡಿ ನಯವಾಗಿ ಮಾತಾಡಿ, ಓಟಿಪಿ ಕೇಳಿ, ಖಾತೆ ಗುಡಿಸಿಕೊಂಡು ಹೋದ ಮೇಲೆ ಜನ ಬಂದು ಅಳುವ ಜಾಗ ಅದು. ಆದರೆ ಅವತ್ತು ವಿಭಾಗದಲ್ಲಿ ಯಾರಿಗೂ ಯಾರ ಅಳುವೂ ಬೇಕಿರಲಿಲ್ಲ. ಸಂಜೆ ನಾಲ್ಕಕ್ಕೆ ಹೊಸ ಫೋನಿನ ಬಿಡುಗಡೆಯಿತ್ತು.

ಈ ಬಿಡುಗಡೆಯ ಪುರೋಹಿತ ಲೀಕಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯಿತ್ತು. ಹೊರಬರದ ಫೋನುಗಳ ಸೋರಿದ ಸುದ್ದಿಯನ್ನೆಲ್ಲ ಹೊತ್ತು ತರುತ್ತಾನೆಂದು ಆಫೀಸು ಹೀಗೆ ಕರೆದಿತ್ತು. ಅಂಗಡಿಯವನೊಡನೆ ಒಪ್ಪಂದ ಮಾಡಿಕೊಂಡು ಬಂದವನೂ ಇವನೇ. ಒಂದು ಪೆಟ್ಟಿಗೆಗೆ ಹತ್ತು ಫೋನು, ಹತ್ತೂ ಒಂದೇ ಬಣ್ಣ. ಪೆಟ್ಟಿಗೆ ಒಡೆಸದೆ ಕೊಂಡರೆ ಒಳ್ಳೆಯ ರಿಯಾಯಿತಿ. ಒಂಬತ್ತು ಜನ ಸೇರಿ ಮೂರು ತಿಂಗಳಾಗಿತ್ತು. ಹತ್ತನೆಯವರೆಂದು ಗುಮಾಸ್ತರನ್ನು ಹಿಡಿದು ಕೂರಿಸಿದ್ದರು. ಅಲ್ಲಿಂದೀಚೆಗೆ ಅವರು ಫೋನಂಗಡಿಯ ಕಡೆ ತಲೆ ತಿರುಗಿಸಿದರೂ ಒಂಬತ್ತು ಜನ ಮುಖ ಊದಿಸಿಕೊಳ್ಳುತ್ತಿದ್ದರು. ಹಳೆಯ ಫೋನಿಗೆ ರಬ್ಬರ್ ಬ್ಯಾಂಡು ಬಂದದ್ದು ಹೀಗೆ.

"ಸತ್ತೇಹೋಯ್ತು" ಎಂದು ಗುಮಾಸ್ತರು ಫೋನನ್ನು ಮೇಜಿನ ಮೇಲಿಟ್ಟರು. "ಈಗಲೇ ಹೋಗಿ ಯಾವುದೋ ಒಂದು ಡಬ್ಬಾ ಫೋನ್ ತಗೊಂಡು ಬರ್ತೀನಿ. ಆಸ್ಪತ್ರೆ ಕರೆ ಬರೋದಿದೆ."

"ಸರ್, ಬಿಡುಗಡೆ ದಿನ ಹಳೇ ಫೋನ್ ಕೊಳ್ಳೋನನ್ನ ಜನ ಏನಂತಾರೆ ಗೊತ್ತಾ" ಎಂದ ಲೀಕಪ್ಪ. "ಮೊದಲು ಸಿಮ್ ತೆಗೀರಿ. ನೋಡೋಣ."

ಸಿಮ್ ಬರಲಿಲ್ಲ. ಊದಿದ ಬ್ಯಾಟರಿ ಅದರ ತಟ್ಟೆಯನ್ನು ಒಳಗೇ ಅಮುಕಿ ಹಿಡಿದಿತ್ತು. ಕ್ಯಾಶಿಯರಮ್ಮ ಬಂದು ತಲೆಯ ಪಿನ್ನು ಕಿತ್ತು ತಿವಿದರು. ಒಳಗಿಂದ ಬುಸ್ ಎಂದಿತು. ಮ್ಯಾನೇಜರು ಕುರ್ಚಿ ಹಿಂದಕ್ಕೆಳೆದುಕೊಂಡು, "ಅದನ್ನ ಮೊದಲು ಹೊರಗೆ ಹಾಕ್ರಿ, ಇಡೀ ಬ್ಯಾಂಕ್ ಸುಟ್ಟುಹಾಕ್ತೀರಾ" ಎಂದರು. ಗುಮಾಸ್ತರ ಫೋನು, ಸಿಮ್ಮು, ಇಪ್ಪತ್ತು ವರ್ಷದ ನಂಬರು ಎಲ್ಲವೂ ಮೆಟ್ಟಿಲ ಬಳಿಯ ಕೆಂಪು ಬಕೆಟ್ಟಿನ ಮರಳಿನೊಳಗೆ ಹೂತುಹೋದವು.

ಆಫೀಸಿನ ಫೋನಿನಿಂದ ಗುಮಾಸ್ತರು ಆಸ್ಪತ್ರೆಗೆ ಕರೆ ಮಾಡಿದರು. ಮೊಬೈಲ್ ನಂಬರೇ ಬೇಕು, ಬೇರೆ ನಂಬರನ್ನು ನಮ್ಮ ಕಂಪ್ಯೂಟರ್ ಒಪ್ಪುವುದಿಲ್ಲ ಎಂದ ಬುಕಿಂಗ್‌ನವನು. ಲೀಕಪ್ಪ ಉದಾರಿ. "ನಂದು ಕೊಡಿ ಸರ್. ನನ್ನ ಫೋನು ನನ್ನ ಕೈ ಬಿಟ್ಟಿದ್ದನ್ನ ಯಾರಾದ್ರೂ ನೋಡಿದೀರಾ?" ಯಾರೂ ನೋಡಿರಲಿಲ್ಲ. ನಂಬರು ಬರೆಸಿದ್ದಾಯಿತು. ಗುಮಾಸ್ತರ ಎದೆ ಸ್ವಲ್ಪ ಹಗುರವಾಯಿತು. ಪಾಪ, ಅವರ ಎದೆಗೆ ಬುದ್ಧಿ ಕಡಿಮೆ.

ಅಲ್ಲಿಂದ ಮಧ್ಯಾಹ್ನದವರೆಗೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಕೆಲಸ ನಡೆಯಿತು.

"ಬ್ಯಾಟರಿ ಎರಡು ದಿನ ಬರುತ್ತಂತೆ" ಎಂದ ಲೀಕಪ್ಪ.

"ಹೋದ ಸಲವೂ ಹೀಗೇ ಅಂದಿದ್ರಿ. ಮಧ್ಯಾಹ್ನದ ಊಟಕ್ಕೇ ಕಣ್ಣು ಮುಚ್ತಿತ್ತು" ಎಂದರು ಕ್ಯಾಶಿಯರಮ್ಮ.

"ಚಾರ್ಜರ್ ಕೊಡಲ್ಲ ಅಂತಿದಾರಲ್ಲಪ್ಪ" ಎಂದು ಮ್ಯಾನೇಜರು ಚಿಂತೆಗೆ ಬಿದ್ದರು.

"ಕೊಡದೇ ಇರೋದೇ ಒಳ್ಳೇದು ಸರ್. ಅವರ ಬ್ಯಾಟರಿ ಮೇಲೆ ಅವರಿಗೇ ಅಷ್ಟು ನಂಬಿಕೆ. ಮತ್ತೆ ಕ್ಯಾಮರಾ ನೋಡಿ, ಕಗ್ಗತ್ತಲಲ್ಲೂ ಹಗಲಿನ ಹಾಗೆ ಕಾಣುತ್ತಂತೆ."

"ಯಾರಿಗೆ?" ಎಂದರು ಗುಮಾಸ್ತರು.

"ಫೋನಿಗೆ ಸರ್."

ಬಣ್ಣದ ಮೇಲೆ ಜಗಳವಾಗಿ, ಕ್ಯಾಶಿಯರಮ್ಮ ಎರಡು ಸಲ ಎದ್ದುಹೋಗಿ ಮೂರು ಸಲ ವಾಪಸು ಬಂದು, ಕೊನೆಗೆ ಕೈಯೆತ್ತಿಸಿ ಕಪ್ಪು ಎಂದು ತೀರ್ಮಾನವಾಯಿತು. ಮೊದಲು ಕೈಯೆತ್ತಿದವರು ಗುಮಾಸ್ತರೇ. ಬೇಗ ಮುಗಿದರೆ ಸಾಕೆಂಬುದಷ್ಟೇ ಅವರ ಆಸೆ.

ನಾಲ್ಕು ಗಂಟೆಗೆ ಲೀಕಪ್ಪ ತನ್ನ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿದ. ಇಡೀ ವಿಭಾಗ ಅದರ ಸುತ್ತ ಮುತ್ತಿಕೊಂಡಿತು. ಗುಮಾಸ್ತರು ಎಲ್ಲರಿಗಿಂತ ಮುಂದೆ ಕೂತಿದ್ದರು, ಕರೆ ಬಂದರೆ ಹಾರಿ ಹಿಡಿಯಲು. ಅಷ್ಟರಲ್ಲಿ ಕೆಳಗಿನ ಕೌಂಟರಿನಲ್ಲಿ ಯಾರೋ ಮುದುಕರು ಬಡಿಯುತ್ತಿರುವ ಸದ್ದು ಕೇಳಿತು.

"ನೀವು ಹೋಗಿ ನೋಡಿ" ಎಂದರು ಮ್ಯಾನೇಜರು. "ಹೇಗೂ ನಿಮಗೆ ಇದರಲ್ಲಿ ಆಸಕ್ತಿ ಇಲ್ಲ."

ಆ ಮುದುಕರಿಗೆ ಕಿವಿ ಮಂದ. ಅವರ ದೂರು ಬರೆದುಕೊಳ್ಳಲು ಇಪ್ಪತ್ತು ನಿಮಿಷ ಹಿಡಿಯಿತು. ಗುಮಾಸ್ತರು ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದಾಗ ಪರದೆಯ ಮೇಲೆ ಯಾರೋ ಒಬ್ಬಾತ ಕೈ ಚಾಚಿ ನಿಂತಿದ್ದ, ವಿಭಾಗದವರೆಲ್ಲ ಬಾಯಿ ತೆರೆದುಕೊಂಡು ನೋಡುತ್ತಿದ್ದರು.

"ನಂಗೆ ಕರೆ ಬಂತಾ?"

"ಶ್. ಯಾವುದೋ ಒಂದು ಬಂತು ಸರ್, ಸಾಲ ಬೇಕಾ ಅನ್ನೋರು ಇರ್ಬೇಕು. ಸರಿಯಾಗಿ ಕ್ಯಾಮರಾ ತೋರಿಸೋವಾಗಲೇ ಬರಬೇಕಾ. ಕಟ್ ಮಾಡ್ದೆ."

ಗುಮಾಸ್ತರು ಆಫೀಸಿನ ಫೋನಿನಿಂದ ಆಸ್ಪತ್ರೆಗೆ ಮೂರು ಸಲ ತಿರುಗಿಸಿದರು. ಮೂರೂ ಸಲ ಆ ಕಡೆಯ ಲೈನಿಗೆ ಬಿಡುವಿರಲಿಲ್ಲ. "ನಾನು ಹೋಗ್ಬರ್ತೀನಿ" ಎಂದರು. "ಹೋಗಿ ಹೋಗಿ, ಕೌಂಟರಲ್ಲಿ ಜನ ಇದಾರೆ" ಎಂದ ಲೀಕಪ್ಪ, ತಿರುಗಿ ನೋಡದೆ.

ಐವತ್ತೆರಡು ವರ್ಷದ ಮನುಷ್ಯ ಹೆಗಲಿಗೆ ಟೈ ಹಾರಿಸಿಕೊಂಡು ರಸ್ತೆಯಲ್ಲಿ ಓಡಿದರೆ ಜನ ಕಳ್ಳನನ್ನು ಬೆನ್ನಟ್ಟುತ್ತಿದ್ದಾನೆಂದುಕೊಳ್ಳುತ್ತಾರೆ, ಇಲ್ಲವೇ ಇವನೇ ಕಳ್ಳ ಎಂದುಕೊಳ್ಳುತ್ತಾರೆ. ಫೋನಂಗಡಿಗಳ ಮುಂದೆಲ್ಲ ಗುಂಪು, ಎಲ್ಲ ಗಾಜಿನಲ್ಲೂ ಕೈ ಚಾಚಿ ನಿಂತ ಅದೇ ಮನುಷ್ಯ. ಗುಮಾಸ್ತರು ಒಬ್ಬರ ಕಾಲು ತುಳಿದು, ಇನ್ನೊಬ್ಬರಿಂದ ಬೈಸಿಕೊಂಡು, ಏದುಸಿರು ಬಿಡುತ್ತ ಬುಕಿಂಗ್ ಕಿಟಕಿ ಮುಟ್ಟಿದಾಗ ಐದಕ್ಕೆ ಇಪ್ಪತ್ತು ನಿಮಿಷವಿತ್ತು.

"ನೀವಾ" ಎಂದ ಬುಕಿಂಗ್‌ನವನು. "ಕರೆ ಕಟ್ ಮಾಡಿದ್ರಿ."

"ನಾನಲ್ಲಪ್ಪ. ಜಾಗ ಹೋಯ್ತಾ?"

"ಎಲ್ಲಿ ಹೋಗುತ್ತೆ? ನಿಮ್ಮದಾದ್ಮೇಲೆ ಹದಿನಾಲ್ಕು ಜನಕ್ಕೆ ಮಾಡ್ದೆ. ಹದಿನಾಲ್ಕೂ ಕಟ್. ಎಲ್ಲರೂ ಆ ಫೋನ್ ನೋಡ್ತಾ ಕೂತಿದಾರೆ. ಅಷ್ಟಕ್ಕೂ ಈ ಜಾಗ ಖಾಲಿ ಆಗಿದ್ದು ಹೇಗೆ ಅಂದ್ಕೊಂಡ್ರಿ? ಆ ಪೇಷೆಂಟು ನಾಳೆ ಬೆಳಿಗ್ಗೆ ಫೋನಂಗಡಿ ಮುಂದೆ ಕ್ಯೂ ನಿಲ್ಲಬೇಕಂತೆ. ಕಣ್ಣು ಮುಂದಿನ ತಿಂಗಳು ನೋಡ್ಕೊಂಡ್ರಾಯ್ತು ಅಂದ್ರು."

ಗುಮಾಸ್ತರಿಗೆ ಜೀವನದಲ್ಲಿ ಮೊದಲ ಬಾರಿಗೆ ಆ ಫೋನು ತಯಾರಿಸಿದವರ ಮೇಲೆ ಪ್ರೀತಿ ಬಂತು. ಕಿಟಕಿಯ ಸರಳು ಹಿಡಿದುಕೊಂಡು, ನಾಳೆ ಎಷ್ಟು ಗಂಟೆಗೆ ಕರಕೊಂಡು ಬರಲಿ ಎಂದು ಕೇಳಿದರು.

"ಒಂಬತ್ತಕ್ಕೆ. ನಿಮ್ಮ ನಂಬರಿಗೆ ಒಂದು ಓಟಿಪಿ ಕಳಿಸಿದೀನಿ. ಅದನ್ನ ಹೇಳಿ, ಹೆಸರು ಹತ್ತಿಸಿಬಿಡ್ತೀನಿ. ಐದಕ್ಕೆ ಪಟ್ಟಿ ಮುಚ್ಚುತ್ತೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಆ ಓಟಿಪಿ ಹೋಗಿದ್ದು ನೀರಿನ ಜಗ್ಗಿಗೆ ಒರಗಿದ್ದ ಫೋನಿಗೆ. ನಂಬರು ಬದಲಾಯಿಸಿ ಎಂದು ಗುಮಾಸ್ತರು ಅಂಗಲಾಚಿದರು. ದಿನಕ್ಕೆ ಒಂದೇ ಸಲ ಬದಲಾಯಿಸಲು ಬರುವುದು, ಬೆಳಿಗ್ಗೆಯೇ ಬದಲಾಯಿಸಿ ಆಗಿದೆ ಎಂದ ಅವನು. ಒಳ್ಳೆಯವನೇ, ತನ್ನ ಮೇಜಿನ ಫೋನನ್ನು ಕಿಟಕಿಯಿಂದ ಹೊರಗೆ ಚಾಚಿದ. ಲೀಕಪ್ಪ ಎರಡು ಸಲ ಕತ್ತರಿಸಿ ಮೂರನೆಯದಕ್ಕೆ ಎತ್ತಿದ.

"ನಾನಪ್ಪ, ಗುಮಾಸ್ತ. ನಿನ್ನ ಫೋನಿಗೆ ಒಂದು ಓಟಿಪಿ ಬಂದಿದೆ, ಬೇಗ ಹೇಳು."

ಲೀಕಪ್ಪನ ಧ್ವನಿ ಬೆಣ್ಣೆಯಂತೆ ಮೆತ್ತಗಾಯಿತು. "ಹೌದಾ ಸರ್? ಓಟಿಪಿ ಬೇಕಾ? ಆಗಲೂ ಇದೇ ನಂಬರಿಂದ ನೀವೇ ಮಾಡಿದ್ದಾ?"

"ಅದು ಆಸ್ಪತ್ರೆಯವರು. ನನ್ನ ಹೆಂಡತಿ ಆಪರೇಷನ್ನು..."

"ಗುಮಾಸ್ತರು ಇಲ್ಲೇ ಕೆಳಗೆ ಕೌಂಟರಲ್ಲಿದಾರೆ ಕಣಯ್ಯ. ಬೆಳಿಗ್ಗೆ ನಾವು ಮಾತಾಡಿದ್ದನ್ನ ಈ ಫೋನೇ ಕದ್ದು ಕೇಳಿಸ್ಕೊಂಡು ನಿಮಗೆ ಒಪ್ಪಿಸಿದೆ, ಗೊತ್ತು ನಂಗೆ. ನೀನು ಯಾವ ಬ್ಯಾಂಕಿಗೆ ಫೋನ್ ಮಾಡಿದೀಯ ಗೊತ್ತಾ? ಹನ್ನೊಂದು ವರ್ಷದಿಂದ ನಿಮ್ಮಂಥವರ ಕತೆ ಬರ್ಕೋತಿದೀನಿ."

"ನಿನ್ನ ಕಾಲಿಗೆ ಬೀಳ್ತೀನಿ, ನಾನೇ ಕಣೋ" ಎಂದರು ಗುಮಾಸ್ತರು. "ಅವಳು ಚಹಾ ಲೋಟದಲ್ಲಿ ಬೆರಳಿಡ್ತಾಳೆ. ಹೇಳಪ್ಪ, ಆರೇ ಆರು ಅಂಕಿ." ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟರು. ಬುಕಿಂಗ್‌ನವನು ನೋಡಲಾರದೆ ಮುಖ ಆ ಕಡೆ ತಿರುಗಿಸಿದ.

"ಸರಿ" ಎಂದ ಲೀಕಪ್ಪ. "ನೀವು ಗುಮಾಸ್ತರೇ ಆದ್ರೆ ಒಂದು ಹೇಳಿ. ನಮ್ಮ ಹತ್ತು ಫೋನಿಗೆ ಯಾವ ಬಣ್ಣ?"

"ಕಪ್ಪು" ಎಂದರು ಗುಮಾಸ್ತರು, ಬದುಕಿದೆ ಎಂದುಕೊಂಡು.

ಕರೆ ಕಡಿದುಹೋಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಹೋಗಲಿಲ್ಲ. ಬ್ಯಾಂಕಿನ ಫೋನನ್ನು ಎತ್ತುವವರೇ ಇರಲಿಲ್ಲ. ಗೋಡೆಯ ಗಡಿಯಾರ ಐದು ತೋರಿಸಿದಾಗ ಕಂಪ್ಯೂಟರು ತಾನಾಗಿ ಪಟ್ಟಿ ಮುಚ್ಚಿಕೊಂಡಿತು. ಮುಂದಿನ ದಿನಾಂಕ ಐದು ತಿಂಗಳ ಆಚೆಗಿತ್ತು. ಬುಕಿಂಗ್‌ನವನು ಅದನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟು, "ನಿಮ್ಮದೇ ಫೋನ್ ಒಂದು ತಗೊಂಬಿಡಿ ಸರ್" ಎಂದ.

ಊಟದ ಡಬ್ಬಿ ಆಫೀಸಿನಲ್ಲೇ ಉಳಿದಿತ್ತು. ಗುಮಾಸ್ತರು ಕಾಲೆಳೆದುಕೊಂಡು ಮೆಟ್ಟಿಲು ಹತ್ತಿದರು. ಮೇಲೆ ಲೀಕಪ್ಪನನ್ನು ಮೇಜಿನ ಮೇಲೆ ಕೂರಿಸಿ ಎಲ್ಲರೂ ಸುತ್ತ ನಿಂತಿದ್ದರು. ಹೊಸ ಫೋನು ಕಪ್ಪಿನಲ್ಲಿ ಬರುವುದೇ ಇಲ್ಲವೆಂದು ನಾಲ್ಕೂವರೆಗೆ ಗೊತ್ತಾಗಿ, ಎಲ್ಲರೂ ಸೇರಿ ಬೂದಿ ಬಣ್ಣಕ್ಕೆ ಒಪ್ಪಿದ್ದರಂತೆ.

"ಅದನ್ನೇ ಇಟ್ಟು ಹಿಡಿದೆ ಸರ್ ಕಳ್ಳನನ್ನ" ಎಂದ ಲೀಕಪ್ಪ. "ನಿಮ್ಮ ಹೆಸರು ಹೇಳ್ಕೊಂಡು ಓಟಿಪಿ ಕೇಳಿದ. ಥೇಟ್ ನಿಮ್ಮ ಧ್ವನಿ. ಈಗ ಧ್ವನಿ ತಯಾರಿಸೋ ಮಶೀನೇ ಬಂದಿದೆಯಲ್ಲ. ನಂಬರ್ ಬ್ಲಾಕ್ ಮಾಡ್ದೆ. ರೆಕಾರ್ಡ್ ಕೂಡ ಆಗಿದೆ, ಕೇಳಿ."

ರೆಕಾರ್ಡು ಓಡಿತು. ಗುಮಾಸ್ತರು ತಾವು ಅಂಗಲಾಚಿದ್ದನ್ನೂ ಅತ್ತದ್ದನ್ನೂ ನಿಂತು ಕೇಳಿಸಿಕೊಂಡರು. ಬೆರಳಿನ ಮಾತು ಬಂದಾಗ ಯಾರೋ ಮೆಚ್ಚುಗೆಯಿಂದ ಲೊಚಗುಟ್ಟಿದರು. ಮ್ಯಾನೇಜರು ಇದನ್ನು ತರಬೇತಿಗೆ ಇಟ್ಟುಕೊಳ್ಳಿ ಎಂದು ಹೆಡ್ ಆಫೀಸಿಗೆ ಆಗಲೇ ಕಳಿಸಿಯಾಗಿತ್ತು.

"ಅದು ನಾನೇ" ಎಂದರು ಗುಮಾಸ್ತರು.

"ಅವನೂ ಹೀಗೇ ಅಂದ ಸರ್, ಇದೇ ಧಾಟಿ" ಎಂದು ಲೀಕಪ್ಪ ತೊಡೆ ತಟ್ಟಿಕೊಂಡು ನಕ್ಕ.

"ನಿಜವಾಗ್ಲೂ ನಾನೇ ಕಣ್ರಪ್ಪ. ನಿನ್ನ ಕಾಲಿಗೆ ಬೀಳ್ತೀನಿ ಅಂದೋನು ನಾನೇ."

ಕ್ಯಾಶಿಯರಮ್ಮ ತಲೆ ಓರೆ ಮಾಡಿ ಕೇಳಿಸಿಕೊಂಡು, ನ್ಯಾಯಾಧೀಶರ ಹಾಗೆ ತೀರ್ಪು ಕೊಟ್ಟರು. "ಪರವಾಗಿಲ್ಲ, ಚೆನ್ನಾಗೇ ಮಾಡ್ತೀರಿ. ಆದ್ರೆ ಕಳ್ಳಂದು ಇನ್ನೂ ಸಹಜವಾಗಿತ್ತು."

ಎಲ್ಲರೂ ನಕ್ಕರು. ಗುಮಾಸ್ತರು ಡಬ್ಬಿ ತೆಗೆದುಕೊಂಡು, ಮರಳಿನ ಬಕೆಟ್ಟನ್ನು ದಾಟಿ, ಮನೆಯ ದಾರಿ ಹಿಡಿದರು. ಎಂಟು ನಿಮಿಷದ ದಾರಿಗೆ ಅವತ್ತು ಮುಕ್ಕಾಲು ಗಂಟೆ ಹಿಡಿಯಿತು. ಹೇಳುವ ಮಾತನ್ನು ಹತ್ತು ಥರ ಜೋಡಿಸಿ ನೋಡಿದರು, ಒಂದೂ ಸರಿಹೋಗಲಿಲ್ಲ.

ಬಾಗಿಲು ತಟ್ಟಿದರು.

"ಯಾರು?" ಎಂದು ಒಳಗಿಂದ ಹೆಂಡತಿ ಕೇಳಿದರು.

"ನಾನೇ."

ತಕ್ಷಣ ಚಿಲಕ ತೆಗೆದ ಸದ್ದಾಯಿತು. ಆಕೆ ಹೊರಗೆ ಹೋಗುವ ಬಟ್ಟೆ ತೊಟ್ಟು, ತಲೆ ಬಾಚಿಕೊಂಡು, ಎರಡೂ ಕೈಯಲ್ಲಿ ಬ್ಯಾಗು ಹಿಡಿದುಕೊಂಡು ನಿಂತಿದ್ದರು. ಗಂಡನ ಮುಖ ನೋಡುತ್ತಿದ್ದೇನೆಂದುಕೊಂಡು ಅವರ ಹೆಗಲ ಕಡೆ ನೋಡುತ್ತ ನಕ್ಕರು.

"ಅಳ್ತಿದೀರಾ? ಖುಷಿಗೂ ಯಾರಾದ್ರೂ ಅಳ್ತಾರಾ" ಎಂದರು. "ನಾಳೆ ಎಷ್ಟು ಗಂಟೆಗಂತೆ?"